ಮೃಗವನ್ನು ಮೆಚ್ಚಿಕೊಂಡ ಕಥೆ



ಕಳೆದ ತಿಂಗಳು ನಾನೊಂದು ಪ್ರೇಮಕಾದಂಬರಿಯನ್ನು ಓದಿದೆ. ಅದರ ನಾಯಕನಿಗೆ ಮೈತುಂಬ ರೋಮ, ಬಾಯಲ್ಲಿ ಕೋರೆಹಲ್ಲು, ಕೈಗಳಲ್ಲಿ ಹುಲಿಯಂಥ ಪಂಜ. ಮೂರು ರಾತ್ರಿಗಳಲ್ಲಿ ಓದಿ ಮುಗಿಸಿದೆ. ಮುಗಿದಾಗ ಇನ್ನೂ ನೂರು ಪುಟಗಳಿರಬಾರದಿತ್ತೇ ಎನ್ನಿಸಿತು. ಮೂವತ್ತೆರಡು ವರ್ಷ ನಿಮಗೆ ಸಂಧಿ ಸಮಾಸಗಳನ್ನೂ ಹಳಗನ್ನಡ ಪದ್ಯಗಳನ್ನೂ ಕಲಿಸಿದವಳು ಈ ವಯಸ್ಸಿನಲ್ಲಿ ಹೀಗೆ ಬರೆಯುತ್ತಿರುವುದನ್ನು ಕಂಡು ನಿಮ್ಮಲ್ಲಿ ಕೆಲವರಿಗೆ ನಗು ಬಂದೀತು. ಧಾರಾಳವಾಗಿ ನಗಿರಿ. ಆದರೆ ಕೊನೆಯವರೆಗೂ ಓದಿರಿ. ನಾನು ಒಪ್ಪಿಕೊಳ್ಳಬೇಕಾದ ಒಂದು ತಪ್ಪೂ ಇದರಲ್ಲಿದೆ.

ಕಾಲೇಜಿನಲ್ಲಿ ಓದುತ್ತಿರುವ ನನ್ನ ಮೊಮ್ಮಗಳು ರಜೆಗೆ ಬಂದಾಗ ಅವಳ ಚೀಲದಲ್ಲಿ ಇಟ್ಟಿಗೆಯಷ್ಟು ದಪ್ಪನೆಯ ಒಂದು ಪುಸ್ತಕವಿತ್ತು. ಅದು ಅಮೆರಿಕದ ಸಾರಾ ಜೆ. ಮಾಸ್ ಎಂಬ ಲೇಖಕಿ 2015ರಲ್ಲಿ ಆರಂಭಿಸಿದ ಕಥಾಸರಣಿಯ ಮೊದಲ ಸಂಪುಟವಂತೆ. ಅದರಲ್ಲಿ ಮೃಗರೂಪವನ್ನು ತಾಳಬಲ್ಲ ಒಬ್ಬ ಯಕ್ಷನಂಥವನು ಬಡ ಹುಡುಗಿಯೊಬ್ಬಳನ್ನು ತನ್ನ ಲೋಕಕ್ಕೆ ಕರೆದೊಯ್ಯುತ್ತಾನೆ. ನಾನು ಕನ್ನಡಕವನ್ನು ಮೂಗಿನ ಮೇಲೆ ಸರಿಸಿಕೊಂಡು, “ಇದೇನೇ ಇದು, ಬೇರೆ ಗಂಡು ಸಿಗಲಿಲ್ಲವೇ ಆ ಹುಡುಗಿಗೆ?” ಎಂದೆ. ಅವಳು ನಕ್ಕು, “ಅಜ್ಜಿ, ನಿನಗೆ ಇದು ಬೇಡ. ಇದರ ಅಜ್ಜಿಯಂಥ ಪುಸ್ತಕ ಒಂದಿದೆ, ಅದನ್ನು ಓದು” ಎಂದು ಬೇರೊಂದನ್ನು ತರಿಸಿಕೊಟ್ಟಳು. ಅದು ರಾಬಿನ್ ಮೆಕಿನ್ಲಿಯವರ ‘ಬ್ಯೂಟಿ’. 1978ರಲ್ಲಿ ಪ್ರಕಟವಾದದ್ದು.

ಕಥೆ ನಿಮಗೆ ಗೊತ್ತಿರುವುದೇ. ಹಡಗುಗಳನ್ನು ಕಳೆದುಕೊಂಡು ಬಡವನಾದ ವರ್ತಕ, ಅವನಿಗೆ ಮೂವರು ಹೆಣ್ಣುಮಕ್ಕಳು. ಕಾಡಿನ ನಡುವೆ ಮಾಯೆಯ ಅರಮನೆ, ಒಂದು ಗುಲಾಬಿ ಹೂವನ್ನು ಕಿತ್ತ ತಪ್ಪಿಗೆ ಮಗಳನ್ನು ಕಳುಹಿಸಬೇಕೆನ್ನುವ ಮೃಗ. ಮಕ್ಕಳ ಚಲನಚಿತ್ರವಾಗಿ 1991ರಿಂದ ಲೋಕಪ್ರಸಿದ್ಧವಾದ ಕಥೆಯಿದು. ಆದರೆ ಮೆಕಿನ್ಲಿ ಇದನ್ನು ಹೇಳುವ ರೀತಿ ಬೇರೆ. ಅವರ ನಾಯಕಿಯ ನಿಜವಾದ ಹೆಸರು ಆನರ್. ‘ಬ್ಯೂಟಿ’ ಎಂಬುದು ಎಳವೆಯಲ್ಲಿ ಅಂಟಿಕೊಂಡ ಅಡ್ಡಹೆಸರು ಮಾತ್ರ. ತಾನು ಚೆಲುವೆಯಲ್ಲ ಎಂಬುದು ಅವಳ ದೃಢವಾದ ನಂಬಿಕೆ. ಅವಳ ಒಲವೆಲ್ಲ ಪುಸ್ತಕಗಳ ಮೇಲೆ, ಗ್ರೀಕ್ ಲ್ಯಾಟಿನ್ ಭಾಷೆಗಳ ಮೇಲೆ, ಮತ್ತು ತನ್ನ ದೊಡ್ಡ ಕುದುರೆಯ ಮೇಲೆ. ಅಕ್ಕಂದಿರು ಕೂಡ ಹಳೆಯ ಕಥೆಯ ಹೊಟ್ಟೆಕಿಚ್ಚಿನ ಅಕ್ಕಂದಿರಲ್ಲ, ಅಕ್ಕರೆಯುಳ್ಳವರು. ಮೃಗದ ಅರಮನೆಯಲ್ಲಿ ಒಂದು ಗ್ರಂಥಾಲಯವಿದೆ. ಅಲ್ಲಿ ಇನ್ನೂ ಯಾರೂ ಬರೆಯದಿರುವ ಪುಸ್ತಕಗಳೂ ಇವೆ! ಶಾಲೆಯ ಒಂದೇ ಒಂದು ಬೀರುವಿನ ಗ್ರಂಥಾಲಯಕ್ಕೆ ಬೀಗದ ಕೈ ಹಿಡಿದು ಕಾವಲಿದ್ದ ನನ್ನಂಥವಳಿಗೆ ಆ ಪುಟಗಳಲ್ಲಿ ಎಷ್ಟು ಸುಖವಾಯಿತೆಂದು ಬೇರೆ ಹೇಳಬೇಕೇ?

ಅದಕ್ಕಿಂತಲೂ ನನ್ನ ಮನಸ್ಸನ್ನು ಹಿಡಿದದ್ದು ಕುದುರೆಯ ಪ್ರಸಂಗ. ಮೃಗದ ವಾಸನೆ ಬಡಿದರೆ ಸಾಕು, ಕುದುರೆ ಬೆದರುತ್ತದೆ. ಬ್ಯೂಟಿ ಅದಕ್ಕೆ ಧೈರ್ಯ ಹೇಳುತ್ತ ಹೇಳುತ್ತ ಮೃಗದ ಸಾಮೀಪ್ಯವನ್ನು ಅಭ್ಯಾಸ ಮಾಡಿಸುತ್ತಾಳೆ. ಪ್ರೀತಿಯೆಂಬುದು ಮೊದಲ ನೋಟದಲ್ಲಿ ಮಿಂಚಿ ಹೋಗುವಂಥದ್ದಲ್ಲ, ಭಯ ದಿನಕ್ಕಿಷ್ಟು ಕಡಿಮೆಯಾಗುವ ಕ್ರಿಯೆ ಎಂಬುದನ್ನು ನಾನು ಕಂಡ ಯಾವ ಸಿನಿಮಾವೂ ಇಷ್ಟು ಚೆನ್ನಾಗಿ ತೋರಿಸಿಲ್ಲ. ಪ್ರತಿ ರಾತ್ರಿ ಮೃಗ ಅವಳನ್ನು ಒಂದೇ ಪ್ರಶ್ನೆ ಕೇಳುತ್ತದೆ: ನನ್ನನ್ನು ಮದುವೆಯಾಗುವೆಯಾ? ಅವಳು ಒಲ್ಲೆನೆನ್ನುತ್ತಾಳೆ. ಅದು ಶುಭರಾತ್ರಿ ಹೇಳಿ ಹೊರಟುಹೋಗುತ್ತದೆ. ಮಾರನೆಯ ದಿನ ಊಟದ ವೇಳೆಗೆ ಮತ್ತೆ ಬರುತ್ತದೆ. ಸಿಟ್ಟಿಲ್ಲ, ಸೆಡವಿಲ್ಲ, ಹಿಂದಿನ ರಾತ್ರಿಯ ನಿರಾಕರಣೆಗೆ ಸೇಡಿಲ್ಲ.

ಇಲ್ಲಿ ನಿಮ್ಮಲ್ಲಿ ಯಾರಾದರೂ ಕೈಯೆತ್ತಿ ಪ್ರಶ್ನೆ ಕೇಳುತ್ತೀರೆಂದು ಬಲ್ಲೆ. “ಹುಡುಗಿಯನ್ನು ಅರಮನೆಯಲ್ಲಿ ಇರಿಸಿಕೊಂಡದ್ದೇ ತಪ್ಪಲ್ಲವೇ?” ಹೌದು, ತಪ್ಪೇ. ಲೇಖಕಿ ಅದನ್ನು ಮುಚ್ಚಿಡುವುದಿಲ್ಲ. ಅವಳು ಬರದಿದ್ದರೂ ಅವಳ ತಂದೆಗೆ ತಾನೇನೂ ಮಾಡುತ್ತಿರಲಿಲ್ಲವೆಂದು ಮೃಗವೇ ಒಪ್ಪಿಕೊಳ್ಳುತ್ತದೆ. ತನಗೆ ಮೋಸವಾಯಿತೆಂದು ಅವಳು ಕೋಪಗೊಳ್ಳುತ್ತಾಳೆ. ಅದು ತನ್ನ ಒಂಟಿತನವನ್ನು ಹೇಳಿಕೊಳ್ಳುತ್ತದೆಯೇ ಹೊರತು ತಾನು ಮಾಡಿದ್ದು ಸರಿಯೆಂದು ವಾದಿಸುವುದಿಲ್ಲ. ಕೊನೆಗೆ ಅವಳು ಮನೆಗೆ ಹೋಗಬೇಕೆಂದಾಗ, ತನ್ನ ಪ್ರಾಣಕ್ಕೇ ಕುತ್ತೆಂದು ತಿಳಿದೂ ಕಳುಹಿಸಿಕೊಡುತ್ತದೆ. ಬಾಗಿಲು ತೆರೆದ ಮೇಲೆಯೇ ಅವಳ ಪ್ರೀತಿ ಅವಳಿಗೆ ಅರ್ಥವಾಗುವುದು. ತೆರೆಯದ ಬಾಗಿಲಿನ ಹಿಂದೆ ಹುಟ್ಟುವುದಕ್ಕೆ ಪ್ರೀತಿಯೆಂಬ ಹೆಸರು ಸಲ್ಲುವುದೇ ಇಲ್ಲವೆಂದು ನನ್ನ ಅಭಿಪ್ರಾಯ.

ಈ ಕಥೆಯ ಮೂಲವನ್ನು ಹುಡುಕುತ್ತ ಹೋದಾಗ ನನಗೊಂದು ಸಂತೋಷದ ಸಂಗತಿ ದೊರೆಯಿತು. ಫ್ರೆಂಚಿನಲ್ಲಿ 1740ರಲ್ಲಿ ವಿಲ್‌ನವ್ ಎಂಬ ಲೇಖಕಿ ಇದನ್ನು ಬಹು ದೀರ್ಘವಾಗಿ ಬರೆದರು. 1756ರಲ್ಲಿ ಅದನ್ನು ಚಿಕ್ಕದು ಮಾಡಿ ಇಂದಿನ ರೂಪಕ್ಕೆ ತಂದವರು ಬೋಮಾಂ. ಅವರು ಲಂಡನ್ನಿನಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳುತ್ತಿದ್ದ ಶಿಕ್ಷಕಿ! ಶಿಕ್ಷಕಿಯೊಬ್ಬಳು ತನ್ನ ಶಿಷ್ಯೆಯರೊಂದಿಗೆ ನಡೆಸುವ ಸಂಭಾಷಣೆಗಳ ಪುಸ್ತಕದಲ್ಲಿ ಈ ಕಥೆ ಬರುತ್ತದೆ. ಅದರಲ್ಲಿ ಒಬ್ಬ ಅಕ್ಕನ ಗಂಡ ರೂಪವಂತ, ತನ್ನ ರೂಪದ ಮೇಲೆಯೇ ಅವನಿಗೆ ಮೋಹ. ಇನ್ನೊಬ್ಬಳ ಗಂಡ ಚತುರ, ಆ ಚಾತುರ್ಯವೆಲ್ಲ ಖರ್ಚಾಗುವುದು ಜನರನ್ನು ಚುಚ್ಚುವುದಕ್ಕೆ. ಮೊದಲ ಬಲಿ ಹೆಂಡತಿಯೇ. ಇವರಿಬ್ಬರನ್ನೂ ಕಂಡ ಮೇಲೆ ನಾಯಕಿಗೆ ತನ್ನ ಮೃಗದ ಬೆಲೆ ತಿಳಿಯುತ್ತದೆ. ಮದುವೆಯ ವಯಸ್ಸಿಗೆ ಬರುತ್ತಿದ್ದ ಹುಡುಗಿಯರಿಗೆ ಒಬ್ಬ ಉಪಾಧ್ಯಾಯಿನಿ ಹೇಳಿದ ಪಾಠವಿದು: ಗಂಡನ್ನು ನೋಡುವಾಗ ಅವನ ಮುಖವನ್ನಲ್ಲ, ನಡತೆಯನ್ನು ನೋಡಿ.

ಕೊನೆಯಲ್ಲಿ ಶಾಪ ಕಳೆದು ರಾಜಕುಮಾರ ಎದುರಿಗೆ ನಿಂತಾಗ, ಬೋಮಾಂ ಅವರ ನಾಯಕಿ ಮೊದಲು ಕೇಳುವುದು, ಮೃಗವೆಲ್ಲಿ ಎಂದು. ಇಡೀ ಕಥೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಪ್ರಶ್ನೆ ಅದು.

ಆದರೆ ಇದೇ ಕಥೆಯನ್ನು ತಪ್ಪಾಗಿ ಓದುವುದು ಬಹು ಸುಲಭ. ನಿವೃತ್ತರಾದ ನನ್ನ ಸಹೋದ್ಯೋಗಿಯೊಬ್ಬರು ಪುಸ್ತಕವನ್ನು ಕಂಡು, “ಇಂಥವು ಹೆಣ್ಣುಮಕ್ಕಳ ತಲೆ ಕೆಡಿಸುತ್ತವೆ. ಎಂಥ ಕ್ರೂರಿಯಾದರೂ ಪ್ರೀತಿಸಿದರೆ ಬದಲಾಗುತ್ತಾನೆಂದು ನಂಬಿಸುತ್ತವೆ” ಎಂದರು. ಅವರ ಆತಂಕವನ್ನು ನಾನು ತಳ್ಳಿಹಾಕಲಾರೆ. ಆದರೆ ಆ ತಪ್ಪು ಓದನ್ನು ಕಲಿಸಿದ್ದು ಕಾದಂಬರಿಗಳಿಗಿಂತ ಹೆಚ್ಚಾಗಿ ನಮ್ಮಂಥವರೇ ಎಂದು ಈಗ ನನಗನ್ನಿಸುತ್ತದೆ. ಅದನ್ನೇ ಹೇಳಹೊರಟೆ.

ಎಂಬತ್ತರ ದಶಕದ ಮಾತು. ಹಳೆಯ ವಿದ್ಯಾರ್ಥಿನಿಯೊಬ್ಬಳು ದಸರೆಯ ರಜೆಯಲ್ಲಿ ನಮ್ಮ ಮನೆಗೆ ಬಂದಳು. ಮದುವೆಯಾಗಿ ವರ್ಷವಾಗಿತ್ತು. ಹೆಸರು, ಊರು ಬೇಡ. ತರಗತಿಯಲ್ಲಿ ಮೇಜಿನ ಕೆಳಗೆ ವಾರಪತ್ರಿಕೆಯ ಧಾರಾವಾಹಿ ಓದುತ್ತಿದ್ದಾಗ ನನ್ನ ಕೈಗೆ ಸಿಕ್ಕಿಬಿದ್ದವಳು. ಪತ್ರಿಕೆಯನ್ನು ಕಿತ್ತುಕೊಂಡು ಎಲ್ಲರೆದುರಿಗೂ ಹಂಗಿಸಿದ್ದೆ. ಆ ದಿನ ಅವಳು ಕಾಫಿಯ ಲೋಟವನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡು, ತಲೆ ತಗ್ಗಿಸಿ, “ಅವರು ಕೆಲಸಕ್ಕೆ ಹೋಗುವಾಗ ಹೊರಗಿನಿಂದ ಬೀಗ ಹಾಕಿಕೊಂಡು ಹೋಗ್ತಾರೆ, ಮೇಡಂ” ಎಂದಳು. ಗಂಡ ನೋಡಲು ಲಕ್ಷಣವಾಗಿದ್ದ, ಒಳ್ಳೆಯ ನೌಕರಿಯಿತ್ತು, ಮದುವೆಯಲ್ಲಿ ನಾನೇ ಊಟ ಮಾಡಿ ಹರಸಿ ಬಂದಿದ್ದೆ. ನಾನು ಹೇಳಿದೆ: “ಸ್ವಲ್ಪ ಹೊಂದಿಕೊಂಡು ಹೋಗಮ್ಮ. ಪ್ರೀತಿಯಿಂದ ಕಲ್ಲೂ ಕರಗುತ್ತದೆ.” ಅವಳು ಕುಂಕುಮ ಇಟ್ಟುಕೊಂಡು ಹೊರಟುಹೋದಳು. ಮತ್ತೆ ಬರಲಿಲ್ಲ. ಕೆಲವು ವರ್ಷಗಳ ನಂತರ, ತವರಿಗೆ ಹಿಂದಿರುಗಿ ಹೊಲಿಗೆ ಮಾಡಿಕೊಂಡು ಬದುಕುತ್ತಿದ್ದಾಳೆಂದು ಯಾರೋ ಹೇಳಿದರು. ಅವಳು ಆ ಮನೆ ಬಿಟ್ಟದ್ದು ನನ್ನ ಮಾತು ಕೇಳಿಯಲ್ಲ. ನನ್ನ ಮಾತನ್ನು ಮೀರಿ.

ಗಿರೀಶ ಕಾರ್ನಾಡರ ‘ನಾಗಮಂಡಲ’ವನ್ನು ನೀವೆಲ್ಲ ಬಲ್ಲಿರಿ. ಎ. ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳನ್ನು ಆಧರಿಸಿ ಅವರು ಬರೆದ ನಾಟಕ. 1997ರಲ್ಲಿ ನಾಗಾಭರಣರು ಅದನ್ನು ಚಲನಚಿತ್ರವಾಗಿಸಿದಾಗ ನಾನು ಚಿತ್ರಮಂದಿರಕ್ಕೆ ಹೋಗಿ ನೋಡಿದ್ದೆ. ಅಲ್ಲಿಯೂ ಅಪ್ಪಣ್ಣ ರಾಣಿಯನ್ನು ಮನೆಯೊಳಗಿಟ್ಟು ಬೀಗ ಹಾಕಿಕೊಂಡು ಹೋಗುತ್ತಾನೆ. ರಾತ್ರಿ ಹುತ್ತದಿಂದ ಎದ್ದು, ಗಂಡನ ರೂಪ ತಾಳಿ ಬಂದು, ಅವಳನ್ನು ಮಾತನಾಡಿಸುವುದು, ಅವಳ ಭಯ ಕಳೆಯುವುದು, ಅವಳಿಗಾಗಿ ಹಂಬಲಿಸುವುದು ಒಂದು ಸರ್ಪ. ಮನುಷ್ಯನ ಮೈಯಲ್ಲಿ ಮೃಗ, ಹಾವಿನ ಮೈಯಲ್ಲಿ ಗಂಡ. ಫ್ರಾನ್ಸಿನ ಅರಮನೆಯಲ್ಲಿ ಹೇಳಿದ್ದನ್ನೇ ನಮ್ಮ ಅಜ್ಜಿಯಂದಿರು ಅಡುಗೆಮನೆಯಲ್ಲಿ ಇನ್ನಷ್ಟು ನಿಷ್ಠುರವಾಗಿ ಹೇಳಿದ್ದರು. ಆ ಚಿತ್ರವನ್ನು ನೋಡಿ ನಾನು ಅತ್ತೆ. ಬೀಗದ ಸದ್ದು ಕೇಳಿದಾಗ ಆ ಹುಡುಗಿಯ ನೆನಪೂ ಬಂತು. ಆದರೂ ಅವಳನ್ನು ಹುಡುಕಿಕೊಂಡು ಹೋಗಲಿಲ್ಲ.

ಈ ಸಲ ನನ್ನನ್ನು ಕುಟುಕಿದ್ದು ಮೊಮ್ಮಗಳ ಮಾತು. ಅವಳು ಓದುತ್ತಿರುವ ಸರಣಿಯಲ್ಲಿ, 2016ರ ಎರಡನೆಯ ಸಂಪುಟದಲ್ಲಿ, ಮೊದಲ ಸಂಪುಟದ ಅದೇ ಪ್ರಿಯತಮ ರಕ್ಷಣೆಯ ನೆಪದಲ್ಲಿ ನಾಯಕಿಯನ್ನು ಮನೆಯೊಳಗೆ ಕೂಡಿಹಾಕುತ್ತಾನೆ. ಅವಳು ಆ ಮನೆಯನ್ನೂ ಅವನನ್ನೂ ಬಿಟ್ಟು ಹೋಗುತ್ತಾಳೆ. “ಅಯ್ಯೋ, ಅಷ್ಟೆಲ್ಲ ಪ್ರೀತಿಸಿದ್ದನಲ್ಲೇ, ಸರಿಹೋಗುತ್ತಿದ್ದನೇನೋ” ಎಂದು ನನ್ನ ಬಾಯಿಂದ ಹಳೆಯ ಚಾಳಿಯಂತೆ ಬಂತು. ಅವಳು ಪುಸ್ತಕದಿಂದ ತಲೆಯೆತ್ತಿ, “ಬೀಗ ಹಾಕಿದ ಮೇಲೆ ಎಷ್ಟು ಪ್ರೀತಿಸಿದ್ದರೆ ಏನು ಅಜ್ಜಿ?” ಎಂದಳು.

ಇಪ್ಪತ್ತು ವರ್ಷದ ಹುಡುಗಿ ತಲೆಕೆಡಿಸುವ ಪುಸ್ತಕವೊಂದರಿಂದ ಕಲಿತದ್ದು ಇದು. ನಾನು ಮೂವತ್ತೆರಡು ವರ್ಷ ಕಪ್ಪುಹಲಗೆಯ ಮುಂದೆ ನಿಂತು ಕಲಿಸಲಾರದೆ ಹೋದದ್ದೂ ಇದೇ.

ಆದ್ದರಿಂದ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ರೂಪ ವಿಕಾರವಾಗಿರುವ ಪ್ರಾಣಿಯೊಂದನ್ನು ಪ್ರೀತಿಸುವ ಕಥೆಯಿಂದ ಹೆಣ್ಣುಮಕ್ಕಳು ಕೆಡುವುದಿಲ್ಲ. ವಿಕಾರವನ್ನು ಎಲ್ಲಿ ನೋಡಬೇಕೆಂಬುದನ್ನು ಅಂಥ ಕಥೆಗಳು ಕಲಿಸಬಲ್ಲವು. ಕಥೆಯ ಮೃಗ ಪ್ರೀತಿಯಿಂದ ಒಳ್ಳೆಯದಾಗಲಿಲ್ಲ; ಅದರ ಒಳ್ಳೆಯತನ ಕಂಡ ಮೇಲೆ ಪ್ರೀತಿ ಹುಟ್ಟಿತು. ಈ ಕ್ರಮವನ್ನು ನಾನು ತಿರುಗಾಮುರುಗಾ ಮಾಡಿ ಆ ಹುಡುಗಿಗೆ ಹೇಳಿದ್ದೆ. ವ್ಯಾಕರಣ ಕಲಿಸುವವಳು ಪದಗಳ ಕ್ರಮ ತಪ್ಪಿದರೆ ಒಂದು ಅಂಕ ಕಳೆಯುತ್ತಾಳೆ. ಬದುಕಿನಲ್ಲಿ ಕ್ರಮ ತಪ್ಪಿಸಿದವಳಿಗೆ ಎಷ್ಟು ಅಂಕ ಕಳೆಯಬೇಕೋ ನೀವೇ ಹೇಳಿ.

ನಿಮ್ಮ ಮಕ್ಕಳು ಇಂಥ ಪುಸ್ತಕಗಳನ್ನು ಓದುತ್ತಿದ್ದರೆ, ವಯಸ್ಸಿಗೆ ತಕ್ಕುದೇ ಎಂದು ಅವಶ್ಯ ನೋಡಿಕೊಳ್ಳಿ. ಆದರೆ ನನ್ನಂತೆ ಕಿತ್ತುಕೊಳ್ಳಬೇಡಿ. ಪಕ್ಕದಲ್ಲಿ ಕುಳಿತು, “ಅವಳು ಬೇಡವೆಂದಾಗ ಅವನು ಏನು ಮಾಡಿದ?” ಎಂದು ಕೇಳಿ. ಉತ್ತರದಲ್ಲಿ ಪುಸ್ತಕದ ಯೋಗ್ಯತೆಯೂ ತಿಳಿಯುತ್ತದೆ, ಮಗುವಿನ ವಿವೇಕವೂ ತಿಳಿಯುತ್ತದೆ.

ಆ ಹೊಲಿಗೆಯ ಹುಡುಗಿ, ಈಗ ಅವಳೂ ಅಜ್ಜಿಯಾಗಿರಬಹುದಾದ ವಯಸ್ಸು, ಇದನ್ನು ಓದುವಳೋ ಇಲ್ಲವೋ. ಓದಿದರೆ, ಅಂದು ನಾನು ಹೇಳಬೇಕಾಗಿದ್ದ ಮಾತು ಇದು: ನಮ್ಮ ಮನೆಯಲ್ಲಿ ಒಂದು ಕೋಣೆ ಖಾಲಿಯಿದೆ, ಇಲ್ಲೇ ಇರು, ನಾಳೆ ನಿನ್ನ ಅಪ್ಪ ಅಮ್ಮನೊಡನೆ ನಾನು ಮಾತನಾಡುತ್ತೇನೆ. ತಡವಾಗಿ ಹೇಳುತ್ತಿದ್ದೇನೆ, ಕ್ಷಮಿಸು.

ಮೆಕಿನ್ಲಿಯವರು ಇದೇ ಕಥೆಯನ್ನು 1997ರಲ್ಲಿ ‘ರೋಸ್ ಡಾಟರ್’ ಎಂದು ಇನ್ನೊಮ್ಮೆ ಬರೆದಿದ್ದಾರಂತೆ. ಮೊಮ್ಮಗಳು ತರಿಸುತ್ತೇನೆಂದಿದ್ದಾಳೆ. ಕಾಯುತ್ತಿದ್ದೇನೆ.