ಆಸ್ಪತ್ರೆಯ ಬಾಗಿಲಿಗೆ ಬಾರದವರ ಲೆಕ್ಕ

2025ರ ಜುಲೈ ತಿಂಗಳ ಆರಂಭದಲ್ಲಿ ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಯ ಮುಂದೆ ಬೆಳಕು ಹರಿಯುವ ಮೊದಲೇ ಜನ ಸಾಲುಗಟ್ಟತೊಡಗಿದರು. ಸಾಲಿನಲ್ಲಿದ್ದ ಬಹುಮಂದಿಗೆ ಎದೆನೋವಿರಲಿಲ್ಲ, ಇದ್ದದ್ದು ಭಯ. ಹಾಸನ ಜಿಲ್ಲೆಯಲ್ಲಿ ನಲವತ್ತು ದಿನಗಳೊಳಗೆ ಇಪ್ಪತ್ತಕ್ಕೂ ಹೆಚ್ಚು ಮಂದಿ, ಅವರಲ್ಲಿ ಹಲವರು ಯುವಕರು, ಹೃದಯಾಘಾತದಿಂದ ತೀರಿಕೊಂಡರೆಂಬ ಸುದ್ದಿ ಪತ್ರಿಕೆಗಳಲ್ಲಿಯೂ ವಾಹಿನಿಗಳಲ್ಲಿಯೂ ಪ್ರತಿದಿನ ಏರುವ ಸಂಖ್ಯೆಯಾಗಿ ಪ್ರಕಟವಾಗುತ್ತಿತ್ತು. ಗಾಬರಿಯಿಂದ ಬರಬೇಡಿ ಎಂದು ವೈದ್ಯರೇ ಜನರನ್ನು ಕೇಳಿಕೊಳ್ಳಬೇಕಾಯಿತು. ನಿಜವಾದ ರೋಗಿಗಳು ಭಯಪಟ್ಟವರ ಹಿಂದೆ ಸಾಲಿನಲ್ಲಿ ನಿಲ್ಲುವ ಪರಿಸ್ಥಿತಿ ಒದಗಿತ್ತು.

ಜುಲೈ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು, ಅವಸರದಲ್ಲಿ ಒಪ್ಪಿಗೆ ಪಡೆದ ಕೋವಿಡ್ ಲಸಿಕೆಯೂ ಈ ಸಾವುಗಳಿಗೆ ಒಂದು ಕಾರಣವಿರಬಹುದೆಂಬ ಶಂಕೆಯನ್ನು ವ್ಯಕ್ತಪಡಿಸಿದರು. ಮರುದಿನವೇ ಕೇಂದ್ರ ಆರೋಗ್ಯ ಸಚಿವಾಲಯವು ಲಸಿಕೆಗೂ ಹಠಾತ್ ಸಾವಿಗೂ ಸಂಬಂಧವಿಲ್ಲವೆಂದು ಹೇಳಿಕೆ ನೀಡಿತು. ಹೀಗೆ ವೈದ್ಯವಿಜ್ಞಾನದ ಒಂದು ಪ್ರಶ್ನೆ ಎರಡೇ ದಿನಗಳಲ್ಲಿ ಪಕ್ಷಗಳ ಪ್ರಶ್ನೆಯಾಗಿ ಮಾರ್ಪಟ್ಟಿತು. ಅಲ್ಲಿಂದ ಮುಂದೆ ಯಾರು ಯಾವುದನ್ನು ನಂಬುತ್ತಾರೆಂಬುದು ಅವರ ಮತಪೆಟ್ಟಿಗೆಯನ್ನು ಅವಲಂಬಿಸಿತೇ ಹೊರತು ಪುರಾವೆಯನ್ನಲ್ಲ.

ಪುರಾವೆಯನ್ನು ಹುಡುಕುವ ಹೊಣೆ ದಕ್ಷಿಣ ಬೆಂಗಳೂರಿನ ಒಂದು ಸಂಸ್ಥೆಯ ಮೇಲೆ ಬಿತ್ತು. ಜಯನಗರ 9ನೇ ಬ್ಲಾಕಿನಲ್ಲಿ, ಬನ್ನೇರುಘಟ್ಟ ರಸ್ತೆಯಲ್ಲಿರುವ ಶ್ರೀ ಜಯದೇವ ಹೃದ್ರೋಗ ಸಂಸ್ಥೆ ಮಲೆನಾಡಿನ ಎಷ್ಟೋ ಮನೆಗಳಿಗೆ ಪರಿಚಿತ. ರಾತ್ರಿ ಬಸ್ಸಿನಲ್ಲಿ ಹೊರಟು, ಹಳೆಯ ಚೀಟಿಗಳನ್ನೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದು, ಬೆಳಗ್ಗೆ ಅಲ್ಲಿ ಇಳಿದವರು ಪ್ರತಿ ಊರಿನಲ್ಲಿಯೂ ಒಬ್ಬಿಬ್ಬರು ಸಿಗುತ್ತಾರೆ. ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ಅಧ್ಯಕ್ಷತೆಯ ಸಮಿತಿಯು ಹಾಸನದ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸಿತು. ವರದಿಯಾಗಿದ್ದ 24 ಸಾವುಗಳಲ್ಲಿ 4 ಹೃದಯಕ್ಕೆ ಸಂಬಂಧಿಸಿದವೇ ಆಗಿರಲಿಲ್ಲ. ಅಪಘಾತದಲ್ಲಿ ಸತ್ತವರು, ವಿದ್ಯುತ್ ತಗುಲಿ ಸತ್ತವರು ಕೂಡ ಹೃದಯಾಘಾತದ ಪಟ್ಟಿಗೆ ಸೇರಿಬಿಟ್ಟಿದ್ದರು. ಉಳಿದ 20ರಲ್ಲಿ 10 ದೃಢಪಟ್ಟವು, 10 ಸಂಭವನೀಯವೆಂದು ಗಣಿಸಲ್ಪಟ್ಟವು. ಹಾಸನದ ಮತ್ತು ಮೈಸೂರಿನ ಆಸ್ಪತ್ರೆಗಳಿಗೆ ದಾಖಲಾದ ಹೃದ್ರೋಗಿಗಳ ಸಂಖ್ಯೆ ಹಿಂದಿನ ತಿಂಗಳುಗಳಿಗಿಂತ ಹೇಳಿಕೊಳ್ಳುವಷ್ಟು ಏರಿರಲಿಲ್ಲ. ಭಯದ ಸುದ್ದಿಗೆ ಸಿಕ್ಕಿದ್ದ ಮುಖಪುಟ ಈ ಸುದ್ದಿಗೆ ಸಿಗಲಿಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ವಾಸ್ತವದಲ್ಲಿ ಸಮಿತಿಯ ವರದಿಗಾಗಿ ಕಾಯದೆಯೇ ಪ್ರೌಢಶಾಲೆಯ ವಿದ್ಯಾರ್ಥಿಯೊಬ್ಬ ಒಂದು ಲೆಕ್ಕವನ್ನು ಮಾಡಬಹುದಿತ್ತು. 2011ರ ಜನಗಣತಿಯಂತೆ ಹಾಸನ ಜಿಲ್ಲೆಯ ಜನಸಂಖ್ಯೆ 17.76 ಲಕ್ಷ. ರಾಜ್ಯದಲ್ಲಿ ವರ್ಷಕ್ಕೆ ಸಾವಿರ ಜನರಲ್ಲಿ ಸುಮಾರು 6 ಮಂದಿ ಸಾಯುತ್ತಾರೆಂದು ಹಿಡಿದರೆ ಜಿಲ್ಲೆಯಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು, ನಲವತ್ತು ದಿನಗಳಲ್ಲಿ ಸುಮಾರು 1,170 ಸಾವುಗಳು ಆಗುವುದು ಸಹಜ. ಈ ದೇಶದ ಸಾವುಗಳಲ್ಲಿ ಸುಮಾರು ಕಾಲುಭಾಗ ಹೃದಯ ಮತ್ತು ರಕ್ತನಾಳಗಳ ಕಾಯಿಲೆಯಿಂದ ಆಗುವಂಥವು. ಅಂದರೆ, ಯಾವ ಅಸಹಜತೆಯೂ ಇಲ್ಲದ ನಲವತ್ತು ದಿನಗಳಲ್ಲಿ ಆ ಜಿಲ್ಲೆಯೊಂದರಲ್ಲೇ ಮುನ್ನೂರರ ಸಮೀಪ ಜನ ಈ ಕಾಯಿಲೆಗಳಿಂದ ಸಾಯುತ್ತಾರೆ. ಪತ್ರಿಕೆಗಳು ಎಣಿಸಿದ್ದು ಅವರಲ್ಲಿ ಇಪ್ಪತ್ತು ಚಿಲ್ಲರೆ ಜನರನ್ನು. ಇಷ್ಟು ಸಣ್ಣ ಭಾಗಾಕಾರವನ್ನು ಮಾಡದೆ ರಾಜ್ಯವೊಂದು ಮೂರು ವಾರ ನಡುಗಿತು.

ಲೆಕ್ಕದಿಂದ ದುಃಖ ಕಡಿಮೆಯಾಗುವುದಿಲ್ಲ, ನಿಜ. ಮೂವತ್ತರ ಮಗನನ್ನು ಕಳೆದುಕೊಂಡ ತಾಯಿಗೆ ಸರಾಸರಿಯಿಂದ ಆಗಬೇಕಾದದ್ದೇನೂ ಇಲ್ಲ. ಆದರೆ ಮುನ್ನೂರು ಎಂಬ ಅಂಕಿ ಇಪ್ಪತ್ತಕ್ಕಿಂತ ಹೆಚ್ಚು ಆತಂಕಕಾರಿಯಾದದ್ದು. ಅದು ಪ್ರತಿ ನಲವತ್ತು ದಿನಗಳಿಗೊಮ್ಮೆ ಸದ್ದಿಲ್ಲದೆ ಮರುಕಳಿಸುತ್ತದೆ. ಹಾಸನದಲ್ಲಿ ಮಾತ್ರವಲ್ಲ, ಜನಸಂಖ್ಯೆಗೆ ತಕ್ಕಂತೆ ಶಿವಮೊಗ್ಗದಲ್ಲಿ, ಚಿಕ್ಕಮಗಳೂರಿನಲ್ಲಿ, ಕೊಡಗಿನಲ್ಲಿ, ಉತ್ತರ ಕನ್ನಡದಲ್ಲಿಯೂ.

ಜಯದೇವದ ತಜ್ಞರು ಇನ್ನೊಂದು ಅಧ್ಯಯನವನ್ನೂ ಮಾಡಿದರು. 2025ರ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ತಮ್ಮಲ್ಲಿಗೆ ಬಂದ 251 ಹೃದ್ರೋಗಿಗಳ ವಿವರಗಳನ್ನು ಸಂಗ್ರಹಿಸಿದರು. ಅವರಲ್ಲಿ 111 ಮಂದಿ ಧೂಮಪಾನಿಗಳು, 102 ಮಂದಿಗೆ ರಕ್ತದೊತ್ತಡ, 87 ಮಂದಿಗೆ ಮಧುಮೇಹ. ಹಿಂದೆ ಕೋವಿಡ್ ತಗುಲಿದ್ದವರು 19 ಮಂದಿ ಮಾತ್ರ. ಕೋವಿಡ್ ಸೋಂಕಾಗಲಿ ಲಸಿಕೆಯಾಗಲಿ ಈ ಕಾಯಿಲೆಗೆ ಕಾರಣವೆಂದು ಹೇಳಲು ಆಧಾರವಿಲ್ಲವೆಂಬುದು ಸಮಿತಿಯ ತೀರ್ಮಾನ.

ತೀರ್ಮಾನ ಸರಿಯೇ ಇರಬಹುದು. ಆದರೆ ಲಸಿಕೆಯ ವಿಚಾರದಲ್ಲಿ ಈ 251 ಜನರ ಅಧ್ಯಯನವೊಂದೇ ಸಾಕೆಂದು ಹೇಳುವುದು ಸರಿಯಲ್ಲ. ಅದರಲ್ಲಿ ಇರುವವರೆಲ್ಲರೂ ರೋಗಿಗಳು. ಹೋಲಿಸಿ ನೋಡಲು ಆರೋಗ್ಯವಂತರ ಗುಂಪಿಲ್ಲ. ಹೆಚ್ಚುಕಡಿಮೆ ಇಡೀ ಊರೇ ಲಸಿಕೆ ಹಾಕಿಸಿಕೊಂಡಿರುವಾಗ ರೋಗಿಗಳೆಲ್ಲ ಲಸಿಕೆ ಪಡೆದವರೇ ಆಗಿರುವುದು ಯಾವುದನ್ನೂ ಸಾಧಿಸುವುದಿಲ್ಲ. ಅವರೆಲ್ಲರೂ ಅನ್ನ ಉಂಡವರೂ ಹೌದು. ಈ ಕೊರತೆಯನ್ನು ತುಂಬುವ ಅಧ್ಯಯನ ಬೇರೆಯಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 47 ಆಸ್ಪತ್ರೆಗಳ ಮೂಲಕ, 18ರಿಂದ 45 ವರ್ಷದೊಳಗೆ ಹಠಾತ್ತಾಗಿ ಸತ್ತ 729 ಮಂದಿಯನ್ನು ಗುರುತಿಸಿ, ಪ್ರತಿಯೊಬ್ಬರಿಗೂ ಅದೇ ವಯಸ್ಸಿನ, ಅದೇ ಲಿಂಗದ, ಅದೇ ನೆರೆಹೊರೆಯ ನಾಲ್ವರು ಬದುಕಿರುವವರನ್ನು ಜೊತೆಮಾಡಿ, ಒಟ್ಟು 2,916 ಜನರೊಂದಿಗೆ ಹೋಲಿಸಿತು. 2023ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಎರಡು ಡೋಸ್ ಲಸಿಕೆ ಪಡೆದವರಿಗೆ ಹಠಾತ್ ಸಾವಿನ ಸಂಭವ ಹೆಚ್ಚಿರಲಿಲ್ಲ, ಕಡಿಮೆಯೇ ಇತ್ತು. ಹೆಚ್ಚಿದ್ದದ್ದು ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದವರಲ್ಲಿ, ಕುಟುಂಬದಲ್ಲಿ ಹಠಾತ್ ಸಾವು ಕಂಡವರಲ್ಲಿ, ಸಾಯುವ ಮುನ್ನಿನ ಎರಡು ದಿನಗಳೊಳಗೆ ವಿಪರೀತ ಕುಡಿದವರಲ್ಲಿ ಅಥವಾ ದೇಹವನ್ನು ಅತಿಯಾಗಿ ದಂಡಿಸಿದವರಲ್ಲಿ.

ಲಸಿಕೆಯಿಂದ ಯಾರಿಗೂ ಏನೂ ಆಗಿಲ್ಲವೆಂದು ಇದರರ್ಥವಲ್ಲ. ಕೋವಿಶೀಲ್ಡ್‌ನ ಮೂಲ ಸಂಸ್ಥೆಯಾದ ಆಸ್ಟ್ರಾಜೆನೆಕಾ, ಅತಿ ವಿರಳವಾಗಿ ರಕ್ತ ಹೆಪ್ಪುಗಟ್ಟುವ ತೊಂದರೆ ಉಂಟಾಗಬಹುದೆಂದು ಬ್ರಿಟನ್ನಿನ ನ್ಯಾಯಾಲಯದಲ್ಲಿ ಒಪ್ಪಿಕೊಂಡಿರುವುದು 2024ರಲ್ಲಿ ಎಲ್ಲೆಡೆ ವರದಿಯಾಯಿತು. ಆ ತೊಂದರೆ ಕಾಣಿಸಿಕೊಳ್ಳುವುದು ಲಸಿಕೆ ಪಡೆದ ಕೆಲವು ವಾರಗಳೊಳಗೆ. 2021ರಲ್ಲಿ ಹಾಕಿಸಿಕೊಂಡ ಲಸಿಕೆ 2025ರ ಮೇ ತಿಂಗಳಿನ ಸಾವನ್ನು ವಿವರಿಸಲಾರದು. ಸರ್ಕಾರಗಳು ಈ ವಿರಳ ಅಪಾಯವನ್ನು ಮೊದಲೇ ಬಿಚ್ಚಿ ಹೇಳಿದ್ದರೆ ಜನರ ಶಂಕೆ ಇಷ್ಟು ಬೆಳೆಯುತ್ತಿರಲಿಲ್ಲವೇನೋ.

ಜಯದೇವದ ಅಂಕಿಅಂಶಗಳಿಗೆ ಇನ್ನೂ ಒಂದು ಮಿತಿಯಿದೆ. ಮಲೆನಾಡಿನ ಓದುಗರು ಹೆಚ್ಚು ಯೋಚಿಸಬೇಕಾದದ್ದು ಅದನ್ನೇ. ಆಸ್ಪತ್ರೆಯೊಂದು ಎಣಿಸುವುದು ತನ್ನ ಬಾಗಿಲಿಗೆ ಬಂದವರನ್ನು. ಜಯನಗರದ, ಬನಶಂಕರಿಯ ಅಥವಾ ಜೆ.ಪಿ. ನಗರದ ನಿವಾಸಿಗೆ ಎದೆ ಹಿಡಿದುಕೊಂಡರೆ ಅರ್ಧ ಗಂಟೆಯೊಳಗೆ ಆತ ಆ ಬಾಗಿಲಿನಲ್ಲಿರಬಹುದು. 2025ರ ಆಗಸ್ಟ್‌ನಿಂದ ಮೆಟ್ರೋ ರೈಲು ಕೂಡ ಆಸ್ಪತ್ರೆಯ ಹೆಸರಿನ ನಿಲ್ದಾಣದಲ್ಲಿಯೇ ನಿಲ್ಲುತ್ತದೆ. ಸಕಲೇಶಪುರದ ಕಾಫಿತೋಟದ ಲೈನಿನಲ್ಲಿ, ಶರಾವತಿ ಹಿನ್ನೀರಿನಾಚೆಯ ಒಂಟಿ ಮನೆಯಲ್ಲಿ, ಶಿರಸಿ ಸೀಮೆಯ ಅಡಿಕೆ ತೋಟದ ಅಂಚಿನಲ್ಲಿ ಅದೇ ನೋವು ಬಂದವನು ಮೊದಲು ಅದನ್ನು ಗ್ಯಾಸ್ಟ್ರಿಕ್ ಎಂದುಕೊಳ್ಳುತ್ತಾನೆ, ಶುಂಠಿ ಕಷಾಯ ಕುಡಿದು ಮಲಗುತ್ತಾನೆ. ನೋವು ಹೆಚ್ಚಿದಾಗ ಜೀಪು ಹುಡುಕಬೇಕು. ಮಳೆಗಾಲವಾದರೆ ಘಟ್ಟದ ರಸ್ತೆ ತೆರೆದಿದೆಯೇ ಎಂದು ವಿಚಾರಿಸಬೇಕು. ದಾರಿಯಲ್ಲಿಯೇ ತೀರಿಕೊಂಡರೆ ಆತ ಯಾವ ಅಧ್ಯಯನದ 251ರಲ್ಲಿಯೂ ಸೇರುವುದಿಲ್ಲ.

ಹೃದಯಾಘಾತದ ಚಿಕಿತ್ಸೆಯೆಂದರೆ ಸಮಯದ ವಿರುದ್ಧದ ಓಟ. ಹೃದಯಕ್ಕೆ ರಕ್ತ ಒಯ್ಯುವ ನಾಳದಲ್ಲಿ ಗಂಟು ಕಟ್ಟಿದೊಡನೆ ಆಚೆಯ ಸ್ನಾಯು ಸಾಯತೊಡಗುತ್ತದೆ. ಗಂಟನ್ನು ಕರಗಿಸುವ ಚುಚ್ಚುಮದ್ದು ಮೊದಲ ಒಂದೆರಡು ಗಂಟೆಗಳಲ್ಲಿ ಕೊಟ್ಟರೆ ಹೆಚ್ಚು ಫಲಕಾರಿ. ಹನ್ನೆರಡು ಗಂಟೆ ಕಳೆದ ಮೇಲೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಈ ಕಾರಣಕ್ಕಾಗಿಯೇ 2021ರಲ್ಲಿ ಅಕಾಲಿಕವಾಗಿ ಅಗಲಿದ ನಟ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ರಾಜ್ಯ ಸರ್ಕಾರ ಹೃದಯಜ್ಯೋತಿ ಯೋಜನೆಯನ್ನು ಆರಂಭಿಸಿತು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಕೆಲವೇ ನಿಮಿಷಗಳಲ್ಲಿ ದೂರದ ಜಯದೇವದಂಥ ಕೇಂದ್ರದ ತಜ್ಞರು ನೋಡಿ ಹೇಳುತ್ತಾರೆ. ಮಾರುಕಟ್ಟೆಯಲ್ಲಿ ಹತ್ತಾರು ಸಾವಿರ ರೂಪಾಯಿ ಬೆಲೆಯ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡಲಾಗುತ್ತದೆ. ಹಾಸನದ ಗದ್ದಲದಲ್ಲಿ ಲಸಿಕೆಯ ಬಗ್ಗೆ ಆಡಿದ ಮಾತುಗಳ ನೂರರಲ್ಲಿ ಒಂದಂಶವನ್ನು ಈ ಯೋಜನೆಯ ಬಗ್ಗೆ ಆಡಿದ್ದರೂ ಕೆಲವು ಜೀವಗಳು ಉಳಿಯುತ್ತಿದ್ದವು. ತಾಲ್ಲೂಕು ಆಸ್ಪತ್ರೆಯಲ್ಲಿ ಆ ಔಷಧ ಇಂದು ಇದೆಯೇ, ರಾತ್ರಿ ಹೊತ್ತು ಇಸಿಜಿ ತೆಗೆಯಬಲ್ಲವರು ಇರುತ್ತಾರೆಯೇ ಎಂಬುದನ್ನು ಗ್ರಾಮಸಭೆಯಲ್ಲಿ ಕೇಳುವುದು ರಾಜಕೀಯವೂ ಅಲ್ಲ, ಅಧಿಕಪ್ರಸಂಗವೂ ಅಲ್ಲ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರಿನ ಟೋಲ್‌ಗೇಟಿಗೆ ಅಪ್ಪಳಿಸಿ ನಾಲ್ವರು ಸತ್ತ ಮೇಲೆ ಉತ್ತರ ಕನ್ನಡದ ಜನ ದೊಡ್ಡಾಸ್ಪತ್ರೆಗಾಗಿ ದನಿಯೆತ್ತಿದರು. ಆ ಬೇಡಿಕೆ ನ್ಯಾಯವಾದದ್ದು. ಅದು ಈಡೇರುವವರೆಗೆ ಇರುವ ಸಣ್ಣ ಆಸ್ಪತ್ರೆಯಲ್ಲಿ ಇರಬೇಕಾದದ್ದು ಇದೆಯೇ ಎಂದು ಕೇಳುವುದಕ್ಕೆ ಅಡ್ಡಿಯೇನೂ ಇಲ್ಲ.

ಇನ್ನು ರೋಗದ ಮೂಲದ ಕಡೆಗೆ. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ಕೋರಮಂಗಲದ ಸೇಂಟ್ ಜಾನ್ಸ್ ವೈದ್ಯರೂ ಪಾಲ್ಗೊಂಡಿದ್ದರು. ಅದರ ಮಾಹಿತಿಯಂತೆ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ 53ರ ಆಸುಪಾಸಿನಲ್ಲಿ ಬರುತ್ತದೆ, ಇತರರಿಗೆ 58–59ರ ಸುಮಾರಿಗೆ. ಆದ್ದರಿಂದ ಯುವಕರ ಎದೆನೋವು 2021ರ ನಂತರ ಹುಟ್ಟಿದ ಹೊಸ ವಿದ್ಯಮಾನವಲ್ಲ. ಜಯದೇವ ಸಂಸ್ಥೆಯೂ ಎಳೆಯ ವಯಸ್ಸಿನ ಹೃದ್ರೋಗಿಗಳ ದಾಖಲೆಯನ್ನು ಕೋವಿಡ್‌ಗೆ ಮೊದಲೇ, 2017ರಿಂದಲೇ, ಇಡುತ್ತ ಬಂದಿದೆ. ಗುಡ್ಡ ಹತ್ತಿ ಇಳಿಯುವವನಿಗೆ, ಶುದ್ಧ ಗಾಳಿ ಕುಡಿಯುವವನಿಗೆ ಹೃದಯರೋಗ ಬಾರದೆಂಬ ನಂಬಿಕೆ ಮಲೆನಾಡಿನಲ್ಲಿ ಗಟ್ಟಿಯಾಗಿದೆ. ಗುಡ್ಡವನ್ನು ಈಗ ಹತ್ತುವುದು ಬೈಕು. ಊಟದ ನಂತರದ ಕವಳದಲ್ಲಿ ಎಲೆ, ಅಡಿಕೆ, ಸುಣ್ಣದೊಂದಿಗೆ ಹೊಗೆಸೊಪ್ಪೂ ಇರುತ್ತದೆ. ಬಾಯಿಯ ಕ್ಯಾನ್ಸರಿನ ಮಾತು ಬಂದಾಗ ಮಾತ್ರ ಅದು ನೆನಪಾಗುತ್ತದೆ, ಹೃದಯದ ಮಾತು ಬಂದಾಗ ಅಲ್ಲ. ಗಾಳಿ ಶುದ್ಧವೆಂಬುದು ಅಂಗಳದ ಮಟ್ಟಿಗೆ ನಿಜ. ಅಡಿಗೆಮನೆಯಲ್ಲಿ, ಬಚ್ಚಲಿನ ಒಲೆಯ ಮುಂದೆ, ಅಡಿಕೆ ಬೇಯಿಸುವ ತಿಂಗಳುಗಳಲ್ಲಿ ಹಂಡೆಯ ಪಕ್ಕದಲ್ಲಿ ಹೆಂಗಸರು ಸೇವಿಸುವ ಹೊಗೆ ನಗರದ ಯಾವ ಸಿಗ್ನಲ್ಲಿನ ಹೊಗೆಗೂ ಕಡಿಮೆಯದಲ್ಲ. ಸೌದೆಯ ಹೊಗೆಯ ಸೂಕ್ಷ್ಮ ಕಣಗಳು ಶ್ವಾಸಕೋಶವನ್ನು ದಾಟಿ ರಕ್ತನಾಳವನ್ನೂ ಬಾಧಿಸುತ್ತವೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರವು ರೂಪಿಸಿದ ಹೊಗೆರಹಿತ ಒಲೆ ಒಂದು ಕಾಲದಲ್ಲಿ ಹಳ್ಳಿಗಳಲ್ಲಿ ಮನೆಮಾತಾಗಿತ್ತು. ಅದು ಪ್ರಯೋಗಾಲಯದಿಂದ ಹಳ್ಳಿಗೆ ನಡೆದುಬಂದ ಸಂಶೋಧನೆ; ಪತ್ರಿಕೆಯ ಮೂಲಕವಲ್ಲ, ಒಲೆ ಕಟ್ಟುವವರ ಕೈಯ ಮೂಲಕ.

ಸಾವಿನ ಕಾರಣವನ್ನು ಬರೆದಿಡುವ ಪದ್ಧತಿಯೇ ದುರ್ಬಲವಾಗಿರುವಾಗ ಯಾವ ಸಮಿತಿಯಾದರೂ ಎಷ್ಟು ಹೇಳಬಲ್ಲದು? 2020ರಲ್ಲಿ ದೇಶದಲ್ಲಿ ನೋಂದಣಿಯಾದ ಸಾವುಗಳಲ್ಲಿ ವೈದ್ಯರು ಕಾರಣವನ್ನು ದೃಢೀಕರಿಸಿದ್ದವು ಶೇಕಡಾ 22.5 ಮಾತ್ರ. ಹಾಸನದ 20ರಲ್ಲಿ 10 ಸಂಭವನೀಯವಾಗಿಯೇ ಉಳಿದದ್ದರಲ್ಲಿ ಆಶ್ಚರ್ಯವಿಲ್ಲ. ಆಸ್ಪತ್ರೆಯ ಹೊರಗೆ ಸಂಭವಿಸುವ ಹಠಾತ್ ಸಾವುಗಳನ್ನು ಕಡ್ಡಾಯವಾಗಿ ವರದಿ ಮಾಡಿ ಮರಣೋತ್ತರ ಪರೀಕ್ಷೆ ನಡೆಸಬೇಕೆಂದು ರಾಜ್ಯ ಸರ್ಕಾರ 2025ರಲ್ಲಿ ತೀರ್ಮಾನಿಸಿತು. ಇಡೀ ಪ್ರಕರಣದಲ್ಲಿ ಅತ್ಯಂತ ಉಪಯುಕ್ತವಾದ ನಿರ್ಧಾರ ಇದೇ ಆಗಿರಬಹುದು. ಆದರೆ ಶವವನ್ನು ಕೊಯ್ಯಿಸಲು ಒಪ್ಪದ ಮನೆಯವರು, ನಲವತ್ತು ಮೈಲಿ ದೂರದ ಶವಾಗಾರ, ಸಂಜೆಯೊಳಗೆ ಸಂಸ್ಕಾರ ಮುಗಿಸಬೇಕೆಂಬ ಅವಸರ, ಇವೆಲ್ಲವುಗಳ ನಡುವೆ ಆ ಆದೇಶ ಘಟ್ಟ ಹತ್ತಿ ಬರುವುದು ಸುಲಭವಲ್ಲ.

ಹಾಸನದ ವರದಿ ಹೊರಬಿದ್ದ ಅದೇ ಜುಲೈ ತಿಂಗಳಿನಲ್ಲಿ, 14ರಂದು, ಸಾಗರ ತಾಲ್ಲೂಕಿನ ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವಿನ ಸೇತುವೆ ಉದ್ಘಾಟನೆಗೊಂಡಿತು. ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ಊರುಗಳನ್ನು ಸುತ್ತುವರಿದಂದಿನಿಂದ ಆರು ದಶಕಗಳ ಕಾಲ ತುಮರಿ ಸೀಮೆಯ ರೋಗಿಗಳು ಲಾಂಚಿನ ವೇಳೆಗೆ ಕಾದವರು. ಸಂಜೆ ಲಾಂಚ್ ನಿಂತಮೇಲೆ ಎದೆನೋವು ಬಂದವರಿಗೆ ಉಳಿದದ್ದು ಕಾಡಿನ ನಡುವಿನ ಸುತ್ತುದಾರಿ ಅಥವಾ ಬೆಳಗಿನ ನಿರೀಕ್ಷೆ. ನಾಡಿಗೆ ಬೆಳಕು ಕೊಟ್ಟ ನೀರೇ ಅವರನ್ನು ಆಸ್ಪತ್ರೆಯಿಂದ ದೂರವಿಟ್ಟಿತ್ತು. ಸೇತುವೆಯ ಬಗ್ಗೆ ಬಂದ ಬರಹಗಳು ಪ್ರವಾಸಿಗರ ಸಂಖ್ಯೆಯನ್ನೂ ತೂಗುಕಂಬಿಗಳ ಉದ್ದವನ್ನೂ ವರ್ಣಿಸಿದವು. ಹಿನ್ನೀರಿನಾಚೆಯ ಮನೆಯಿಂದ ಸಾಗರದ ಆಸ್ಪತ್ರೆಯ ಇಸಿಜಿ ಯಂತ್ರದವರೆಗೆ ಮೊದಲು ಎಷ್ಟು ಗಂಟೆ ಬೇಕಿತ್ತು, ಈಗ ಎಷ್ಟು ಬೇಕು, ಕಳೆದ ಹತ್ತು ವರ್ಷಗಳಲ್ಲಿ ದಡದಲ್ಲಿ ಕಾಯುತ್ತಲೇ ತೀರಿಕೊಂಡವರೆಷ್ಟು ಎಂಬುದನ್ನು ಮನೆಮನೆಗೆ ಹೋಗಿ ಬರೆದುಕೊಳ್ಳುವುದಕ್ಕೆ ಪ್ರಯೋಗಾಲಯ ಬೇಕಾಗಿಲ್ಲ. ಒಂದು ನೋಟ್‌ಬುಕ್ಕು, ಸೇತುವೆಯಾಚೆಯ ಶಾಲೆ-ಕಾಲೇಜುಗಳ ನಾಲ್ಕೈದು ವಿದ್ಯಾರ್ಥಿಗಳು, ಒಂದು ಬೇಸಿಗೆ ರಜೆ ಸಾಕು.