ಭಕ್ತಿಯನ್ನು ಗುತ್ತಿಗೆಗೆ ಕೊಟ್ಟ ಮನೆಗಳು

ಹೊರನಾಡ ಕನ್ನಡಿಗರ ಮನೆಗಳಲ್ಲಿ ಈಗ ಎಲ್ಲದಕ್ಕೂ ಒಂದು ಕ್ಲಾಸ್ ಇದೆ. ಗಣಿತಕ್ಕೆ, ಈಜಿಗೆ, ಚೆಸ್ಸಿಗೆ ಇದ್ದ ಹಾಗೆ ದೇವರಿಗೂ. ಶನಿವಾರ ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆದರೆ ಮುಕ್ಕಾಲು ಗಂಟೆ ಶ್ಲೋಕ, ಇಂಗ್ಲಿಷಿನಲ್ಲಿ ಅದರ ಅರ್ಥ, ವರ್ಷದ ಕೊನೆಗೊಂದು ಸರ್ಟಿಫಿಕೇಟು. ಅದೇ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ಅಜ್ಜಿ ಹೂ ಕಟ್ಟುತ್ತ ದೇವರನಾಮ ಗುನುಗುತ್ತಿದ್ದರೆ, ಸ್ವಲ್ಪ ಮೆಲ್ಲಗೆ ಹಾಡಿ, ಕ್ಲಾಸಿಗೆ ತೊಂದರೆಯಾಗುತ್ತದೆ ಎಂದು ಆಕೆಗೇ ಹೇಳುತ್ತಾರೆ.

ಇದನ್ನು ಸಂಸ್ಕಾರ ಎಂದು ಕರೆಯುವುದು ಆ ಶಬ್ದಕ್ಕೆ ಮಾಡುವ ಅನ್ಯಾಯ. ಶ್ಲೋಕ ಕಲಿಯುವುದರಲ್ಲಿ ತಪ್ಪೇನಿಲ್ಲ. ಕಲಿಸುವವರ ಶ್ರದ್ಧೆಯನ್ನು ಅನುಮಾನಿಸುವ ಕಾರಣವೂ ಇಲ್ಲ. ತಪ್ಪಿರುವುದು, ಫೀಸು ಕಟ್ಟಿದ ಮೇಲೆ ತಮ್ಮ ಪಾಲಿನ ಕೆಲಸ ಮುಗಿಯಿತು ಎಂದುಕೊಳ್ಳುವ ಅಪ್ಪ ಅಮ್ಮಂದಿರಲ್ಲಿ.

ಕನ್ನಡದ ಮಟ್ಟಿಗಂತೂ ಭಕ್ತಿ ಮನೆಯೊಳಗಿನ ವಿಷಯ. 12ನೇ ಶತಮಾನದ ಶರಣರು ದೇವರನ್ನು ಗುಡಿಯಿಂದ ಅಂಗೈಗೆ ತಂದರು. ಇಷ್ಟಲಿಂಗದ ದೀಕ್ಷೆಗೆ ಗುರು ಬೇಕು, ನಿಜ. ದಿನದಿನದ ಪೂಜೆಗೆ ಮನೆಯ ಒಂದು ಮೂಲೆ ಸಾಕು. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ಎಂಬ ದಂಪತಿಯ ಕಥೆಯನ್ನೇ ನೋಡಿ. ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದವರು. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಹಿಗ್ಗಲಿಲ್ಲ. ಅಷ್ಟು ನಮಗೆ ಬೇಡ, ಹೋಗಿ ಅಲ್ಲೇ ಸುರಿದು ಬಾ ಎಂದಳು. ಶರಣರ ಗೋಷ್ಠಿಯಲ್ಲಿ ಆತ ಮೈಮರೆತು ಕೂತಾಗಲೂ ಕಾಯಕ ನಿಂತಿದೆ, ಎದ್ದು ಹೋಗು ಎಂದು ನೆನಪಿಸಿದವಳು ಅವಳೇ. ಅನುಭವ ಮಂಟಪಕ್ಕಿಂತ ದೊಡ್ಡ ಕ್ಲಾಸ್ ಕನ್ನಡನಾಡಿನಲ್ಲಿ ನಡೆದದ್ದುಂಟೆ? ಅಲ್ಲಿ ಕೇಳಿದ್ದು ಬದುಕಿಗೆ ಇಳಿದಿದೆಯೋ ಇಲ್ಲವೋ ಎಂದು ಅಳೆದು ನೋಡಿದ್ದು ಮಾತ್ರ ಅಡುಗೆಮನೆಯ ಬಾಗಿಲಲ್ಲಿ, ಹೆಂಡತಿಯ ಬಾಯಿಂದ.

ದಾಸರದೂ ಅದೇ ದಾರಿ. ಸಂಸ್ಕೃತದಲ್ಲಿ ‘ಯುಕ್ತಿಮಲ್ಲಿಕಾ’ದಂಥ ಗ್ರಂಥ ಬರೆದ ವಾದಿರಾಜರು, ಸ್ವತಃ ಸನ್ಯಾಸಿ, ಕನ್ನಡದಲ್ಲಿ ‘ಲಕ್ಷ್ಮೀ ಶೋಭಾನೆ’ಯನ್ನೂ ಬರೆದರು. ಮದುವೆಮನೆಯಲ್ಲಿ ಹೆಂಗಸರು ಅದನ್ನು ಇವತ್ತಿಗೂ ಹಾಡುತ್ತಾರೆ. ಹೆಳವನಕಟ್ಟೆ ಗಿರಿಯಮ್ಮನ ಹಾಡುಗಳು ಉಳಿದು ಬಂದದ್ದೂ ಹೆಣ್ಣುಮಕ್ಕಳ ಬಾಯಲ್ಲಿ. ಶಿಶುನಾಳ ಶರೀಫರ ಪದ ಹಾಡಲು ಯಾರೂ ಜಾತಿ ಕೇಳಲಿಲ್ಲ.

ಇಲ್ಲಿ ಭಾಷೆಯ ಪ್ರಶ್ನೆಯೂ ಇದೆ. ಭಾಷಾವಿಜ್ಞಾನಿ ಜೋಶುವಾ ಫಿಶ್‌ಮನ್ 1991ರ ತಮ್ಮ ಪುಸ್ತಕದಲ್ಲಿ ಭಾಷೆಗಳು ನಶಿಸುವ ದಾರಿಯನ್ನು ಎಂಟು ಹಂತಗಳಾಗಿ ವಿಂಗಡಿಸಿದರು. ಮನೆಯಲ್ಲಿ, ನೆರೆಹೊರೆಯಲ್ಲಿ ಮಾತು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟುವುದೇ ಎಲ್ಲಕ್ಕಿಂತ ಮುಖ್ಯ. ಅದು ತಪ್ಪಿದರೆ ಶಾಲೆ, ಪತ್ರಿಕೆ, ಸರ್ಕಾರ ಯಾವುದೂ ಭಾಷೆಯನ್ನು ಹಿಡಿದು ನಿಲ್ಲಿಸಲಾರವು ಎಂಬುದು ಅವರ ವಾದ. ಚೆನ್ನೈಯಲ್ಲೋ ಹೈದರಾಬಾದಿನಲ್ಲೋ ಬೆಳೆಯುವ ಕನ್ನಡದ ಮಗುವಿಗೆ ಮನೆಯಲ್ಲಿ ಸಿಗುವ ಕನ್ನಡ ಎಷ್ಟು? ಊಟ ಆಯ್ತಾ, ಬ್ಯಾಗ್ ಎಲ್ಲಿ, ಬೇಗ ಮಲಗು. ಋಣ, ಹರಕೆ, ಮರುಕ, ಹಂಬಲ, ನೇಮ ಇಂಥ ಮಾತುಗಳು ಊಟದ ತಟ್ಟೆಯ ಸುತ್ತ ತಾವಾಗಿ ಬರುವುದಿಲ್ಲ. ಅವು ಬರುವುದು ಕಥೆಯಲ್ಲಿ, ಹಾಡಿನಲ್ಲಿ, ಸತ್ತವರನ್ನು ನೆನೆಯುವ ದಿನ, ಮಗು ‘ದೇವರು ಯಾಕೆ ಹಾಗೆ ಮಾಡಿದ’ ಎಂದು ಕೇಳಿದ ಗಳಿಗೆಯಲ್ಲಿ. ಆ ಗಳಿಗೆಯನ್ನೇ ಇಂಗ್ಲಿಷ್ ಕ್ಲಾಸಿಗೆ ಒಪ್ಪಿಸಿದ ಮೇಲೆ ಮಗುವಿನ ಕನ್ನಡ ಅಡುಗೆಮನೆ ದಾಟಲಿಲ್ಲ ಎಂದು ರಾಜ್ಯೋತ್ಸವದ ವೇದಿಕೆಯಲ್ಲಿ ಮರುಗಿ ಏನು ಪ್ರಯೋಜನ?

ಮನೆ ಕಲಿಸಿದ್ದೆಲ್ಲ ಒಳ್ಳೆಯದೇ ಅಲ್ಲವಲ್ಲ ಎಂಬ ಆಕ್ಷೇಪ ಬರುತ್ತದೆ, ಬರಲೇಬೇಕು. ಮೈಲಿಗೆ ಕಲಿಸಿದ್ದೂ ಮನೆಯೇ. ಮುಟ್ಟಾದ ಹುಡುಗಿಯನ್ನು ಮೂಲೆಯಲ್ಲಿ ಕೂರಿಸಿದ್ದೂ ಮನೆಯೇ. ದಿಲ್ಲಿಯ ಹನ್ನೆರಡನೇ ಮಹಡಿಯಲ್ಲಿ ಕೂಡ ಕೆಲಸದಾಕೆಯ ಲೋಟ ಸಿಂಕಿನ ಕೆಳಗೆ ಬೇರೆಯಾಗಿ ಇರುತ್ತದೆ. ಆದರೆ ಇದು ಮನೆಯ ಮೇಲಿನ ದೂರೇ ಹೊರತು ಕ್ಲಾಸಿನ ಪರವಾದ ವಾದ ಅಲ್ಲ. ಎಲ್ಲರಲ್ಲೂ ದೇವರಿದ್ದಾನೆ ಎಂದು ಪರದೆಯ ಮೇಲಿನ ಗುರುಗಳು ಹೇಳಿದರೆ ಮಗು ಅದನ್ನು ಬರೆದುಕೊಳ್ಳುತ್ತದೆ. ಲೋಟ ಅವರ ಕಣ್ಣಿಗೆ ಬೀಳುವುದಿಲ್ಲ. ಅದೇ ಮಾತನ್ನು ಅಮ್ಮ ಹೇಳಿದರೆ ಮಗು ಲೋಟದ ಕಡೆಗೆ ಬೆರಳು ತೋರಿಸಬಹುದು. ತೋರಿಸುತ್ತದೆ ಕೂಡ. ಆಗ ಅಮ್ಮ ಲೋಟ ತೆಗೆಯಬೇಕು, ಇಲ್ಲವೇ ಮಾತು ಹಿಂತೆಗೆದುಕೊಳ್ಳಬೇಕು. ಕ್ಲಾಸ್ ಎಷ್ಟೊಂದು ಮನೆಗಳಿಗೆ ಇಷ್ಟೊಂದು ಹಿತವಾಗಿರುವುದು ಈ ಬೆರಳಿನಿಂದ ಪಾರು ಮಾಡುತ್ತದೆ ಎಂಬ ಕಾರಣಕ್ಕೇ ಇರಬೇಕು.

ಅಮ್ಮ ಎಂದಾಗ ಇನ್ನೊಂದು ಮಾತು. ಮನೆಯಲ್ಲಿ ಕಲಿಸಿ ಎಂದ ಕೂಡಲೇ ಆ ಹೊರೆ ಆಕೆಯ ತಲೆಗೇ ಹೋಗುತ್ತದೆ. ಆಫೀಸು, ಅಡುಗೆ, ಹೋಮ್‌ವರ್ಕು, ಈಗ ದೇವರೂ. ಅಪ್ಪ ಸೋಫಾದಲ್ಲಿ ಮೊಬೈಲ್ ಹಿಡಿದು ‘ಹೋಗು, ದೇವರಿಗೆ ಕೈಮುಗಿ’ ಎಂದರೆ ಮಗನಿಗೆ ತಿಳಿಯುವುದು ಒಂದೇ: ಭಕ್ತಿ ಹೆಂಗಸರ, ಮಕ್ಕಳ ಕೆಲಸ, ದೊಡ್ಡವನಾದ ಮೇಲೆ ಬಿಡಬಹುದು. ಕುಟುಂಬ ಗಟ್ಟಿಯಾಗಬೇಕು ಎಂದು ವಾಟ್ಸಾಪಿನಲ್ಲಿ ಸಂದೇಶ ದಾಟಿಸುವ ಗಂಡಸರು ಮೊದಲು ಸಂಜೆಯ ದೀಪಕ್ಕೆ ತಾವೇ ಎಣ್ಣೆ ಹಾಕಲಿ.

ನಮಗೇ ಏನೂ ಗೊತ್ತಿಲ್ಲವಲ್ಲ ಎನ್ನುವವರಿಗೆ ಫೋನು ಇದೆ. ಊರಿನ ದೊಡ್ಡಮ್ಮನಿಗೆ ಮಾಡಿ, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು. ಅವರಿಗೆ ಹಾಡಿನ ಎರಡೇ ನುಡಿ ನೆನಪಿರಬಹುದು. ಆದರೆ ಅದನ್ನು ಯಾರು ಹಾಡುತ್ತಿದ್ದರು, ಯಾರ ಮದುವೆಯಲ್ಲಿ, ಮೂರನೆಯ ನುಡಿಗೆ ಬಂದಾಗ ಅಜ್ಜಿ ಯಾಕೆ ಅಳುತ್ತಿದ್ದರು ಎಂಬುದೆಲ್ಲ ನೆನಪಿರುತ್ತದೆ. ಮಗು ಅದನ್ನು ಕೇಳಿಸಿಕೊಳ್ಳಲಿ.