ಅಭಿರುಚಿ ಆಜ್ಞೆಯಾಗದಿರಲಿ

ಲೋಕದ ಜನರ ಅಭಿರುಚಿಗಳು ಭಿನ್ನಭಿನ್ನವೆಂಬ ಮಾತು ಪುರಾತನವಾದುದು. ಊಟದ ವಿಷಯದಲ್ಲಿ ಈ ಮಾತನ್ನು ಯಾರೂ ಅಲ್ಲಗಳೆಯರು. ಒಬ್ಬರಿಗೆ ಒಣಮೀನಿನ ಚಟ್ನಿ ಪ್ರಿಯ, ಇನ್ನೊಬ್ಬರಿಗೆ ಅದರ ವಾಸನೆಯೇ ಅಸಹ್ಯ; ಅದಕ್ಕಾಗಿ ಅವರಿಬ್ಬರೂ ಜಗಳವಾಡುವುದಿಲ್ಲ. ಸಂಗೀತ, ಚಿತ್ರ, ರಂಗಕಲೆಗಳ ವಿಷಯ ಬಂದಾಗ ಮಾತ್ರ ನಮ್ಮ ಔದಾರ್ಯ ಕುಗ್ಗುತ್ತದೆ. ನಮಗೆ ಹಿಡಿಸದ ಹಾಡನ್ನು ‘ಇದೂ ಒಂದು ಹಾಡೇ?’ ಎಂದು ತಳ್ಳಿಹಾಕುತ್ತೇವೆ.

ಜರ್ಮನಿಯ ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ 1790ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಭೇದವನ್ನು ವಿವರಿಸಿದ್ದಾನೆ. ದ್ರಾಕ್ಷಾರಸ ಹಿತವಾಗಿದೆ ಎನ್ನುವವನು ‘ನನಗೆ’ ಎಂಬ ಪದವನ್ನು ಸೇರಿಸಿದರೆ ಸಾಕು, ಚರ್ಚೆ ಮುಗಿಯಿತು. ಆದರೆ ಒಂದನ್ನು ಸುಂದರವೆಂದು ಕರೆದವನು ಇತರರೂ ಅದನ್ನು ಒಪ್ಪಬೇಕೆಂದು ಅಪೇಕ್ಷಿಸುತ್ತಾನೆ. ಆದರೂ ತರ್ಕದಿಂದ ಅದನ್ನು ಸಾಧಿಸಿ ತೋರಿಸಲಾರ. ಗುರುಮಠದಲ್ಲಿ ಈ ಪಾಠವನ್ನು ಪರೀಕ್ಷೆಗಾಗಿ ಕಲಿತೆ. ಅದರ ಅರ್ಥವಾದದ್ದು ಬಹಳ ತಡವಾಗಿ.

ಸಾಮಾನ್ಯ ಶ್ರೋತೃವೊಬ್ಬನ ಒಲವುಗಳನ್ನು ಮೊದಲೇ ಹೇಳಿಬಿಡುವುದು ಪ್ರಾಮಾಣಿಕತೆ. ಪಂಡಿತ ಭೀಮಸೇನ ಜೋಶಿಯವರ ಕಂಠದ ಗಾಂಭೀರ್ಯಕ್ಕೆ ನಾನು ತಲೆಬಾಗುತ್ತೇನೆ. ಆದರೂ ನನ್ನ ಮನಸ್ಸು ಹೋಗಿ ನಿಲ್ಲುವುದು ಮಲ್ಲಿಕಾರ್ಜುನ ಮನ್ಸೂರರ ಬಳಿ. ಅಪರೂಪದ ರಾಗಗಳನ್ನೂ ಜೋಡುರಾಗಗಳನ್ನೂ ಅವರು ಹೆಚ್ಚಿನ ಪೀಠಿಕೆಯಿಲ್ಲದೆ ಪ್ರವೇಶಿಸುತ್ತಾರೆ. ಸ್ವರವೂ ಲಯವೂ ಒಂದನ್ನೊಂದು ಕೈಬಿಡದೆ ನಡೆಯುತ್ತವೆ. ಗುರುಮಠದ ದಿನಗಳಲ್ಲಿ ಕ್ಯಾಸೆಟ್ಟಿನಲ್ಲಿ ಅವರನ್ನು ಮೊದಲು ಕೇಳಿದಾಗ ನನಗೆ ಹಿಡಿಸಿರಲಿಲ್ಲ. ಹಲವು ಬಾರಿ ಕೇಳಿದ ಮೇಲೆ ಒಂದು ಸಂಜೆ ಕಿವಿ ತೆರೆಯಿತು. ಹಾಡು ಮೊದಲಿನದ್ದೇ ಆಗಿತ್ತು, ಬದಲಾದದ್ದು ಕೇಳುವವನು.

ಪಾಶ್ಚಾತ್ಯ ದೇವಾಲಯ ಸಂಗೀತದಲ್ಲಿ ನನಗೆ ಅತ್ಯಂತ ಪ್ರಿಯನಾದವನು ಯೊಹಾನ್ ಸೆಬಾಸ್ಟಿಯನ್ ಬಾಖ್. ಲೂಥರನ್ ಪಂಥದ ಈ ಸಂಗೀತಗಾರ ನಮ್ಮ ಬಲಿಪೂಜೆಯ ಲತೀನ್ ಪ್ರಾರ್ಥನೆಗಳಿಗೆ ರಚಿಸಿದ ಬಿ ಮೈನರ್ ಮಾಸ್‌ಗೆ ಸಮನಾದುದನ್ನು ನಾನು ಕೇಳಿಲ್ಲ. 1750ರಲ್ಲಿ ಆತ ತೀರಿಕೊಂಡ ಮೇಲೆ ಅವನ ಮಹಾಕೃತಿಗಳು ಬಹುಕಾಲ ಮರೆವಿಗೆ ಸಂದವು. ಸಂತ ಮತ್ತಾಯನ ಸುವಾರ್ತೆಯನ್ನು ಆಧರಿಸಿದ ಅವನ ಯಾತನಾಗಾನವನ್ನು 1829ರಲ್ಲಿ ಬರ್ಲಿನ್ನಿನಲ್ಲಿ ಮತ್ತೆ ಕೇಳಿಸಿದವನು ಇಪ್ಪತ್ತರ ತರುಣ ಮೆಂಡೆಲ್ಸನ್. ಒಂದೆರಡು ತಲೆಮಾರುಗಳ ಜನರು ಆ ಸಂಗೀತ ತಮಗೆ ಬೇಡವೆಂದುಕೊಂಡಿದ್ದರು. ಅವರ ಅಭಿಪ್ರಾಯವೂ ದೃಢವಾಗಿಯೇ ಇದ್ದಿರಬೇಕು.

ಯಕ್ಷಗಾನದಲ್ಲಿ ಭಾಗವತರ ಪದ್ಯಕ್ಕೆ ಕಿವಿಗೊಡುತ್ತೇನೆ. ದಿಗಿಣಗಳ ಸಂಖ್ಯೆ ಹೆಚ್ಚಾದಷ್ಟೂ ನನ್ನ ಆಸಕ್ತಿ ಕುಂದುತ್ತದೆ. ಇಟಲಿಯ ಯೇಸುಸಭೆಯ ಸಹೋದರ ಅಂತೋನಿಯೊ ಮೊಸ್ಕೇನಿ 1899ರಿಂದ 1901ರವರೆಗೆ ಚಿತ್ರಿಸಿದ ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್ಲಿನಲ್ಲಿ, ಹೇಳಲು ಸಂಕೋಚವಾದರೂ, ನನ್ನ ಪ್ರಾರ್ಥನೆ ಚದುರಿಹೋಗುತ್ತದೆ. ಸುಣ್ಣ ಬಳಿದ ಗೋಡೆಗಳ ಹಳ್ಳಿಯ ಇಗರ್ಜಿಯೇ ನನಗೆ ಹಿತ. ಆದರೆ ಅಲ್ಲಿ ಒಮ್ಮೆ ಅಜ್ಜಿಯೊಬ್ಬರು ಮೇಲ್ಛಾವಣಿಯತ್ತ ಬೆರಳು ತೋರಿಸುತ್ತ ಮೊಮ್ಮಗನಿಗೆ ಸಂತ ಅಲೋಶಿಯಸರ ಬದುಕನ್ನು ವಿವರಿಸುತ್ತಿದ್ದುದನ್ನು ಕಂಡೆ. ಆ ಚಿತ್ರಗಳು ನನ್ನೊಬ್ಬನಿಗಾಗಿ ಬರೆದವುಗಳಲ್ಲ ಎಂಬ ಅರಿವು ಅಂದು ಮೂಡಿತು.

ಇಲ್ಲಿಯವರೆಗೆ ಹೇಳಿದ್ದು ನಿರಪಾಯಕಾರಿಯಾದ ಅಭಿಪ್ರಾಯಗಳು. ನಾನು ಮೆಚ್ಚದಿದ್ದರೆ ಬಾಖ್‌ಗಾಗಲಿ ಮೊಸ್ಕೇನಿಗಾಗಲಿ ನಷ್ಟವಿಲ್ಲ. ಆದರೆ ಅಧಿಕಾರವುಳ್ಳವನ ಅಭಿರುಚಿ ಅಷ್ಟು ನಿರಪಾಯಕಾರಿಯಲ್ಲ. ಇದನ್ನು ಕಲಿಸಿದವರು ಒಬ್ಬ ವೃದ್ಧ ರೈತರು.

ನಾನು ಮೊದಲು ವಿಚಾರಣಾ ಗುರುವಾಗಿದ್ದ ಧರ್ಮಕೇಂದ್ರದಲ್ಲಿ ಅವರು ಗುಮಟೆ ಬಾರಿಸುವುದರಲ್ಲಿ ನಿಪುಣರೆಂದು ಹೆಸರಾಗಿದ್ದರು. ಮಣ್ಣಿನ ಗಡಿಗೆಯ ಬಾಯಿಗೆ ಚರ್ಮ ಬಿಗಿದ ಈ ವಾದ್ಯ ಕರಾವಳಿಯ ಕೊಂಕಣಿ ಕ್ರೈಸ್ತರಿಗೆ ಪರಿಚಿತವಾದುದು. ಮೊಂತಿ ಹಬ್ಬದ ತೆನೆಯ ಪೂಜೆಯಲ್ಲಿ ಒಂದು ಹಾಡಿಗೆ ಬಾರಿಸಬಹುದೇ ಎಂದು ಅವರು ಕೇಳಿದರು. ‘ಅದು ಮದುವೆಮನೆಯ ವಾದ್ಯ, ಇಗರ್ಜಿಯ ಗಾಂಭೀರ್ಯಕ್ಕೆ ಒಗ್ಗದು’ ಎಂದು ನಾನು ಉತ್ತರಿಸಿದೆ. ‘ಆಗಲಿ ಪದ್ರಾಬ್’ ಎಂದಷ್ಟೇ ಹೇಳಿ ಹೋದರು. ಮತ್ತೆ ಕೇಳಲಿಲ್ಲ. ಕೆಲವು ವರ್ಷಗಳ ಅನಂತರ ಅವರ ಅಂತ್ಯಕ್ರಿಯೆಯ ದಿನ ಮನೆಗೆ ಹೋದಾಗ ಆ ಗುಮಟೆ ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು, ಚರ್ಮ ಬಿರಿದಿತ್ತು. ಅವರು ಬಾರಿಸುವುದನ್ನು ನಾನು ಒಂದು ಸಲವೂ ಕೇಳಿರಲಿಲ್ಲ. ಕೇಳದೆಯೇ ತೀರ್ಪು ಕೊಟ್ಟಿದ್ದೆ.

ಇಂತಹ ತಪ್ಪು ನನ್ನೊಬ್ಬನದಲ್ಲ. 1736ರಲ್ಲಿ ಗೋವೆಯ ಇಂಕ್ವಿಸಿಷನ್ ಹೊರಡಿಸಿದ ಆಜ್ಞಾಪತ್ರವು ನಮ್ಮ ಪೂರ್ವಿಕರ ಮದುವೆಗಳ ವೊವಿಯೊ ಹಾಡುಗಳನ್ನು ನಿಷೇಧಿಸಿತು. ಆ ಹಾಡುಗಳು ಇಂದಿಗೂ ರೋಸಿನ ಮನೆಗಳಲ್ಲಿ ಕೇಳಿಬರುತ್ತವೆ. 1903ರಲ್ಲಿ ಪೋಪ್ ಹತ್ತನೇ ಪಿಯುಸರು ಇಗರ್ಜಿಯಲ್ಲಿ ಪಿಯಾನೊವನ್ನೂ ತಮಟೆ ತಾಳಗಳಂತಹ ವಾದ್ಯಗಳನ್ನೂ ಬಳಸಬಾರದೆಂದರು. ಅರುವತ್ತು ವರ್ಷ ಕಳೆದು, 1963ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು ಜನಾಂಗಗಳ ಸ್ವಂತ ಸಂಗೀತ ಪರಂಪರೆಗೆ ಆರಾಧನೆಯಲ್ಲಿ ಯೋಗ್ಯ ಸ್ಥಾನ ಕೊಡಬೇಕೆಂದು ಸಾರಿತು. ನಾನು ಗುಮಟೆಯನ್ನು ನಿರಾಕರಿಸಿದಾಗ ಆ ದಾಖಲೆ ನನ್ನ ಕಪಾಟಿನಲ್ಲೇ ಇತ್ತು.

ಹಾಗಾದರೆ ಎಲ್ಲವೂ ಸರಿಯೇ, ವಿವೇಚನೆಯೇ ಬೇಡವೇ ಎಂದು ವಾಚಕರು ಕೇಳಬಹುದು. ವಿವೇಚನೆ ಬೇಕು. ಸಂತ ಥಾಮಸ್ ಅಕ್ವೀನಾಸರು ಸೌಂದರ್ಯಕ್ಕೆ ಪೂರ್ಣತೆ, ಹೊಂದಾಣಿಕೆ, ಪ್ರಕಾಶ ಎಂಬ ಮೂರು ಲಕ್ಷಣಗಳನ್ನು ಹೇಳಿದ್ದಾರೆ. ಹಾಡಿಗಿಂತ ರಾಗದ ಇಂಪಿಗೇ ಮನಸೋತಾಗ ತಮ್ಮನ್ನೇ ತಪ್ಪಿತಸ್ಥರೆಂದು ಭಾವಿಸಿದ ಸಂತ ಅಗಸ್ಟೀನರೂ ಸಂಗೀತವನ್ನು ಇಗರ್ಜಿಯಿಂದ ಹೊರಹಾಕಲಿಲ್ಲ. ಬೇಡವೆನ್ನುವ ಮೊದಲು ಕೇಳಬೇಕು; ಬೇಡವೆಂದರೆ ಕಾರಣ ಹೇಳಬೇಕು. ‘ನನಗೆ ಹಿಡಿಸದು’ ಎಂಬುದು ನನ್ನ ಕಿವಿಯ ಕುರಿತಾದ ಸಾಕ್ಷ್ಯವೇ ಹೊರತು ಹಾಡಿನ ಕುರಿತಾದ ಕಾರಣವಲ್ಲ. ಈ ನಿಯಮ ಗುರುಗಳಿಗೆ ಮಾತ್ರವಲ್ಲ, ಮಕ್ಕಳ ಹಾಡುಗಳನ್ನು ನಿಲ್ಲಿಸಹೊರಟ ತಂದೆತಾಯಿಯರಿಗೂ ಅನ್ವಯಿಸುತ್ತದೆ.

ಕಳೆದ ಪಾಸ್ಖ ಹಬ್ಬದ ಮೊದಲು ಗಾಯನವೃಂದದ ಯುವಕರು ಕೀಬೋರ್ಡಿನ ಯಂತ್ರತಾಳದೊಡನೆ ಹೊಸ ಹಾಡೊಂದನ್ನು ತಂದರು. ನನಗೆ ಹಿಡಿಸಲಿಲ್ಲ, ಇಂದಿಗೂ ಹಿಡಿಸಿಲ್ಲ. ಆದರೂ ಮೂರು ಸಲ ಬಾರಿಸಿ ಎಂದು ಕುಳಿತು ಕೇಳಿದೆ. ಭಕ್ತಜನರ ಸ್ವರ ಮುಳುಗಿಹೋಗದಂತೆ ತಾಳದ ಸದ್ದನ್ನು ತಗ್ಗಿಸಬೇಕೆಂಬ ಒಂದೇ ಮಾತನ್ನು ಹೇಳಿದೆ. ಅವರು ತಗ್ಗಿಸಿದರು. ಹಬ್ಬದ ದಿನ ಇಗರ್ಜಿಯ ಹಿಂಬದಿಯ ಬೆಂಚುಗಳವರೂ ಹಾಡಿದರು.

ಆ ವೃದ್ಧರಿಗೂ ಇಷ್ಟು ಹೊತ್ತು ಕೊಡಬಹುದಾಗಿತ್ತು.